ಸ್ಪೀಕರಿನ ಪುಟ್ಟ ಚಿತ್ರ

ಅಮ್ಮ ಅಂದು ತಂದ ಊಟದ ಡಬ್ಬಿಯಲ್ಲಿ ಚಿತ್ರಾನ್ನ ಇತ್ತು ಎಂದು ಬರೆಯಲು ಹೊರಟಿದ್ದೆ. ಮೊಸರನ್ನವೂ ಇದ್ದಿರಬಹುದು. ಅವಳು ಹಸಿರು ಸೀರೆ ಉಟ್ಟಿದ್ದಳು ಅನ್ನಿಸುತ್ತದೆ. ಆದರೆ ಆ ಸೀರೆಯನ್ನು ಆಮೇಲೆ ಯಾವುದೋ ಫೋಟೋದಲ್ಲಿ ನೋಡಿ, ಅಂದಿನ ಅಮ್ಮನಿಗೆ ನಾನೇ ತಂದು ಉಡಿಸಿರಲೂಬಹುದು. ಇದು ನನ್ನ ನೆನಪಿನ ಹಳೆಯ ಚಾಳಿ. ಖಾಲಿ ಬಿಟ್ಟ ಜಾಗ ಕಂಡರೆ ಅದಕ್ಕೆ ಸಮಾಧಾನವಿಲ್ಲ, ಏನಾದರೂ ತುಂಬಿಯೇ ಬಿಡುತ್ತದೆ. ಹಾಗಾಗಿ ಇಲ್ಲಿಯ ವಿವರಗಳನ್ನು ನೀವು ಅಷ್ಟಾಗಿ ನಂಬಬೇಕಿಲ್ಲ. ಒಂದನ್ನು ಮಾತ್ರ ನಂಬಿ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಹಳೆಯ ಕಡತ ಇದೆ. ಅದರ ನಡುವೆ ಸ್ಪೀಕರಿನ ಪುಟ್ಟ ಚಿತ್ರವೊಂದಿದೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಲು ನನಗೆ ಭಯ.

ಕಡತ ನನ್ನ ಕೈಗೆ ಬಂದದ್ದು ಕಾಗೆಗಳ ದೆಸೆಯಿಂದ. ಭದ್ರಾವತಿಯ ನ್ಯೂಟೌನಿನಲ್ಲಿ ನನ್ನ ಅಣ್ಣನದೊಂದು ಅಂಗಡಿ ಇದೆ. ಮೊದಲು ಅದು ಕಂಪ್ಯೂಟರ್ ಕ್ಲಾಸ್ ಆಗಿತ್ತು, ಆಮೇಲೆ ಡಿಟಿಪಿ ಸೆಂಟರ್ ಆಯಿತು, ಈಗ ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ. ಬೋರ್ಡಿನಲ್ಲಿ ಮಾತ್ರ ಹಳೆಯ ಹೆಸರೇ ಮಾಸಿಕೊಂಡು ಉಳಿದಿದೆ. ಈ ಬೇಸಿಗೆಯಲ್ಲಿ ಅಣ್ಣ ಅಂಗಡಿಯ ಹಿಂದಿನ ಕೋಣೆ ಖಾಲಿ ಮಾಡಿ, ಅಲ್ಲಿ ಪೇರಿಸಿಟ್ಟಿದ್ದ ಹಳೆಯ ಕಂಪ್ಯೂಟರುಗಳನ್ನೆಲ್ಲ ಗುಜರಿಯವನಿಗೆ ಕೊಟ್ಟುಬಿಟ್ಟ. ಅತ್ತಿಗೆ ಸಿಡಿಗಳನ್ನು ಮಾತ್ರ ಬಿಡಲಿಲ್ಲ. ತಾರಸಿಯಲ್ಲಿ ಸಂಡಿಗೆ ಒಣಹಾಕಿದಾಗ ದಾರಕ್ಕೆ ಸಿಡಿ ಪೋಣಿಸಿ ಕಟ್ಟಿದರೆ ಆ ಥಳುಕಿಗೆ ಕಾಗೆ ಹತ್ತಿರ ಬರುವುದಿಲ್ಲವಂತೆ. ನಾನು ಹೋದ ದಿನ ಅವರು ತಾರಸಿಯಲ್ಲಿ ಅದೇ ಕೆಲಸದಲ್ಲಿದ್ದರು.

"ವೀಣಾ, ಇದ್ರ ಮೇಲೆ ನಿಮ್ಮಣ್ಣನ ಅಕ್ಷರ ಇದೆ ನೋಡು. ಕಾಗೆಗೆ ಕಟ್ಲಾ, ನೀನು ತಗಂಡು ಹೋಗ್ತೀಯಾ?"

"ಏನಿದೆ ಅತ್ತಿಗೆ ಅದ್ರಲ್ಲಿ?"

"ನಂಗೇನ್ ಗೊತ್ತು ಮಾರಾಯ್ತಿ. ನಿಮ್ಮಣ್ಣ ಬರೆದಿದ್ದು ನಿಮ್ಮಣ್ಣನಿಗೇ ಓದಕ್ಕೆ ಬರಲ್ಲ."

ನಾನು ಓದಿದೆ. 'ಕ್ಲಾಸ್ ಡೆಮೊ' ಎಂದಿತ್ತು. ಶಿವಮೊಗ್ಗಕ್ಕೆ ತಂದು, ನಾನು ಪಾಠ ಮಾಡುವ ಕಾಲೇಜಿನ ಲ್ಯಾಬಿನಿಂದ ಸಿಡಿ ಓದುವ ಡ್ರೈವ್ ಎರವಲು ಪಡೆದು, ವಿದ್ಯಾನಗರದ ಮನೆಯಲ್ಲಿ ಊಟದ ಮೇಜಿನ ಮೇಲೆ ಕಡತ ತೆರೆದೆ. ಅಂದಿನ ಕನ್ನಡದ ಫಾಂಟು ಈಗ ಎಲ್ಲೂ ಇಲ್ಲದ್ದರಿಂದ ಅಣ್ಣ ಬರೆದ ಸಾಲುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗುಡ್ಡೆಯಾಗಿದ್ದವು. ಕೆಳಗೆ ಕ್ಲಾಸಿನ ವೇಳಾಪಟ್ಟಿಯ ಒಂದು ಕೋಷ್ಟಕ. ಅದರ ಕೆಳಗೆ ಅಣ್ಣ ಮೌಸಿನಲ್ಲಿ ಬರೆದ ಭದ್ರಾ ನದಿಯ ಸೇತುವೆಯ ಚಿತ್ರ. ಅದಕ್ಕೂ ಕೆಳಗೆ, ಒಂದೇ ಒಂದು ಸ್ಪೀಕರ್. ನೋಡಿದೊಡನೆ ಕೈ ಮೌಸಿನಿಂದ ತಾನಾಗಿ ಹಿಂದೆ ಸರಿಯಿತು, ಬಿಸಿ ಪಾತ್ರೆ ಮುಟ್ಟಿದ ಹಾಗೆ.

ಆ ಸ್ಪೀಕರಿನ ಹಿಂದೆ ನಮ್ಮ ಅಮ್ಮ ಇದ್ದಾಳೆ. ಅಥವಾ ಇಲ್ಲ.

ಇದು ಅರ್ಥವಾಗಬೇಕಾದರೆ ಆ ಕಾಲದ ಒಂದು ಬೆರಗನ್ನು ಹೇಳಬೇಕು. ಅದಕ್ಕೂ ಮುಂಚೆ ಕಂಪ್ಯೂಟರಿನ ಪ್ರೋಗ್ರಾಮುಗಳು ಒಂದರ ಮುಖ ಒಂದು ನೋಡದೆ ಬಾಳುತ್ತಿದ್ದವು. ಪತ್ರ ಬರೆಯುವುದು ಪತ್ರ ಬರೆಯುತ್ತಿತ್ತು, ಚಿತ್ರ ಬರೆಯುವುದು ಚಿತ್ರ. ಆಮೇಲೆ ಯಾರೋ ಒಂದರ ವಸ್ತುವನ್ನು ಇನ್ನೊಂದರೊಳಗೆ ಕೂರಿಸುವ ಉಪಾಯ ತಂದರು. ಪತ್ರದ ನಡುವೆ ಕೋಷ್ಟಕ, ಕೋಷ್ಟಕದ ಪಕ್ಕ ಚಿತ್ರ, ಚಿತ್ರದ ಕೆಳಗೆ ದನಿ. ಯಾವುದನ್ನು ಮುಟ್ಟಿದರೆ ಅದರ ಪ್ರೋಗ್ರಾಮು ಎದ್ದುಬಂದು ತನ್ನ ಕೆಲಸ ಮಾಡಿ ಹೋಗುತ್ತಿತ್ತು. ಈಗ ಇದರಲ್ಲಿ ಏನು ವಿಶೇಷ ಎನ್ನಿಸೀತು. ಅಂದು ಅಣ್ಣ ಇದನ್ನು ಜಾದೂಗಾರನ ಹಾಗೆ ತೋಳು ಮಡಚಿಕೊಂಡು ತೋರಿಸುತ್ತಿದ್ದ. ಊರಿನ ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸಿನ ಹುಡುಗ ಹುಡುಗಿಯರು ಬಾಯಿ ಬಿಟ್ಟು ನೋಡುತ್ತಿದ್ದರು. ಆಗಷ್ಟೇ ಡಿಗ್ರಿ ಮುಗಿಸಿದ್ದ ನಾನು ಹಿಂದಿನ ಬೆಂಚಿನಲ್ಲಿ ಕೂತು, ಬಾಯಿ ಮುಚ್ಚಿಕೊಂಡೇ ಬೆರಗಾಗುತ್ತಿದ್ದೆ.

ಹೀಗೆ ಕೂರಿಸುವುದಕ್ಕೆ ಎರಡು ದಾರಿ ಇದ್ದವು. ಒಂದು ಎಂಬೆಡ್, ಇನ್ನೊಂದು ಲಿಂಕ್. ಅಣ್ಣ ಇದನ್ನು ವಿವರಿಸುತ್ತಿದ್ದ ರೀತಿ ಮಾತ್ರ ನನಗೆ ಸರಿಯಾಗಿ ನೆನಪಿದೆ ಎಂದುಕೊಂಡಿದ್ದೇನೆ.

"ನಿಮ್ಮನೆ ಡಬ್ಬದೊಳಗೆ ಉಪ್ಪಿನಕಾಯಿ ತುಂಬಿ ಇಡ್ತೀರಲ್ಲ, ಅದು ಎಂಬೆಡ್. ಖಾಲಿ ಡಬ್ಬದ ಮೇಲೆ 'ಉಪ್ಪಿನಕಾಯಿ ಪಕ್ಕದ್ಮನೇಲಿದೆ' ಅಂತ ಚೀಟಿ ಅಂಟಿಸಿದ್ರೆ ಅದು ಲಿಂಕ್. ಡಬ್ಬ ಹಗುರ ಆಗುತ್ತೆ, ಎತ್ಕಂಡು ಓಡಾಡಬಹುದು."

"ಪಕ್ಕದ್ಮನೆಯವ್ರು ಮನೆ ಖಾಲಿ ಮಾಡ್ಕಂಡು ಹೋದ್ರೆ?" ಎಂದು ನಾನು ಹಿಂದಿನಿಂದ ಕೇಳಿದೆ.

"ಆಗ ಚೀಟಿ ನೆಕ್ಕು," ಎಂದ ಅಣ್ಣ. ಕ್ಲಾಸೆಲ್ಲ ನಕ್ಕಿತು.

ಅಮ್ಮ ಊಟದ ಡಬ್ಬಿ ತಂದದ್ದು ಅದೇ ದಿನವೋ ಬೇರೆ ದಿನವೋ ಹೇಳಲಾರೆ. ಬಾಗಿಲಲ್ಲಿ ನಿಂತವಳನ್ನು ಅಣ್ಣ ಒಳಗೆ ಕರೆದು, ಕುರ್ಚಿಯಲ್ಲಿ ಕೂರಿಸಿ, ಡೆಮೊ ಕಡತಕ್ಕೆ ಒಂದು ದನಿ ಬೇಕೆಂದು ಅವಳ ಮುಂದೆ ಮೈಕು ಹಿಡಿದ. ಅಮ್ಮ ಅದು ಕಚ್ಚುತ್ತದೆ ಎಂಬಂತೆ ತಲೆ ಹಿಂದಕ್ಕೆ ಎಳೆದುಕೊಂಡಳು. ಮುಂದಿನದರಲ್ಲಿ ನನಗೂ ಅಣ್ಣನಿಗೂ ಹೊಂದುವುದಿಲ್ಲ. ಅಮ್ಮ "ಇದ್ರೊಳಗೆ ಹೋಗಿದ್ದು ವಾಪಸ್ ಬರುತ್ತೇನೋ?" ಎಂದು ಕೇಳಿ, ಆಮೇಲೆ ಹಸೆಗೆ ಕರೆಯುವ ಹಾಡಿನ ಒಂದು ಸಾಲು ಹೇಳಿದಳು ಎಂದು ನನ್ನ ನೆನಪು. ಹಾಡೂ ಇಲ್ಲ ಗೀಡೂ ಇಲ್ಲ, "ಊಟ ಆರುತ್ತೆ, ಎದ್ದು ಬಾ" ಎಂದಷ್ಟೇ ಹೇಳಿ ಎದ್ದುಹೋದಳು ಎಂದು ಅಣ್ಣನ ವಾದ. ಇಬ್ಬರೂ ಒಪ್ಪುವುದು ಒಂದೇ ಸಂಗತಿ. ನಡುವೆ ಕಾರ್ಖಾನೆಯ ಸೈರನ್ ಕೂಗಿತು, ಅಮ್ಮ ಅದು ಮುಗಿಯುವ ತನಕ ಮಾತು ನಿಲ್ಲಿಸಿದಳು. ಸೈರನ್ ಕೂಗುವಾಗ ಮಾತಾಡಬಾರದು ಎಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರೋ ಗೊತ್ತಿಲ್ಲ. ಚಿಕ್ಕಂದಿನಲ್ಲಿ ನಾನೂ ಅವಳ ಮುಖ ನೋಡುತ್ತ ಉಸಿರು ಹಿಡಿಯುತ್ತಿದ್ದೆ. ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಒಳಗೆ ಯಾರಿಗೋ ಏನೋ ಆಗಿದೆ ಎಂದು ಅರ್ಥ. ಅಪ್ಪ ಒಳಗಿರುತ್ತಿದ್ದರು. ಈಗ ಕಾರ್ಖಾನೆ ನಿಂತು, ಸೈರನ್ನೂ ನಿಂತಿದೆ. ಹೊತ್ತಲ್ಲದ ಹೊತ್ತಿಗೆ ಕಾಯುವ ಅಭ್ಯಾಸ ಮಾತ್ರ ನನ್ನಲ್ಲಿ ಉಳಿದುಕೊಂಡಿದೆ.

ಮಾರನೆಯ ವರ್ಷ ಅಮ್ಮ ಹೋದಳು. ಅಣ್ಣನಿಗೆ ಇನ್ನೂ ಮದುವೆಯಾಗಿರಲಿಲ್ಲ, ಹಾಗಾಗಿ ಅತ್ತಿಗೆ ಅವಳ ದನಿ ಕೇಳಿಲ್ಲ. ಅಪ್ಪ ಈಗ ಇಲ್ಲ. ನನ್ನ ಮದುವೆ ಅಮ್ಮ ಇರುವಾಗಲೇ ಆಗಿತ್ತು. ಅದರ ವಿಡಿಯೋ ಕ್ಯಾಸೆಟ್ಟಿನಲ್ಲಿ ಅಮ್ಮ ಬೇಕಾದಷ್ಟು ಕಡೆ ಇದ್ದಾಳೆ. ಬೀಗರ ಹತ್ತಿರ ಮಾತಾಡುತ್ತಾಳೆ, ಅಡಿಗೆಯವರನ್ನು ಕರೆಯುತ್ತಾಳೆ, ನನ್ನ ಜಡೆ ಸರಿಮಾಡುತ್ತ ಏನೋ ಗದರುತ್ತಾಳೆ. ಆದರೆ ವಿಡಿಯೋದವರು ಆ ಕಾಲದ ಪದ್ಧತಿಯಂತೆ ಮೂಲದ ಸದ್ದೆಲ್ಲ ತೆಗೆದು ಉದ್ದಕ್ಕೂ ಸಿನಿಮಾ ಹಾಡು ತುಂಬಿಸಿದ್ದಾರೆ. ಅಮ್ಮ ಬಾಯಿ ತೆರೆದರೆ ಯಾವನೋ ನಾಯಕ ಪ್ರೇಮಗೀತೆ ಹಾಡುತ್ತಾನೆ. ಮೊದಲೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದೆವು.

ನನ್ನ ಭಯಕ್ಕೆ ಇನ್ನೊಂದು ಮೂಲವಿದೆ, ಅದು ಉದ್ಯೋಗದ್ದು. ಕಾಲೇಜಿಗೆ ಸೇರುವ ಮುಂಚೆ ಶಿವಮೊಗ್ಗದ ಒಂದು ಸಣ್ಣ ಕಚೇರಿಯಲ್ಲಿ ಪ್ರೋಗ್ರಾಮ್ ಬರೆಯುತ್ತಿದ್ದೆ. ಆ ಹೊತ್ತಿಗೆ ಅಣ್ಣನ ಜಾದೂ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ವಸ್ತುಗಳನ್ನು ಕೂರಿಸುವುದಷ್ಟೇ ಅಲ್ಲ, ಇಡೀ ಪ್ರೋಗ್ರಾಮನ್ನೇ ಸಿದ್ಧ ಬಿಡಿಭಾಗಗಳಿಂದ ಜೋಡಿಸುವ ಕಾಲ ಬಂದಿತ್ತು. ಕಾಂಪೊನೆಂಟು ಎನ್ನುತ್ತಿದ್ದೆವು. ಯಾರೋ ಎಲ್ಲೋ ಬರೆದ ಕ್ಯಾಲೆಂಡರನ್ನು ಎಳೆದು ತಂದು ನಮ್ಮ ಪರದೆಯ ಮೇಲೆ ಬಿಟ್ಟರೆ ಅದು ನಮ್ಮದಾಗುತ್ತಿತ್ತು. ಒಳಗೆ ಏನಿದೆ ಎಂದು ಕೇಳುವ ಹಾಗಿಲ್ಲ, ಕೇಳಬೇಕಾಗಿಯೂ ಇಲ್ಲ. "ನಿನಗೆ ಈ ಕೆಲಸ ಬರುತ್ತಾ?" ಎಂದು ಮಾತ್ರ ಕೇಳಬಹುದು. ಬರುತ್ತದೆ ಅಥವಾ ಬರುವುದಿಲ್ಲ ಎಂದು ಅದು ಹೇಳಲೇಬೇಕು. ಕೇಳಿಸಿಕೊಂಡು ಸುಮ್ಮನಿರುವುದು ಆ ಲೋಕದಲ್ಲಿ ನಿಷಿದ್ಧ. ಈ ನಿಯಮ ನನಗೆ ಬಹಳ ಹಿಡಿಸಿತ್ತು. ನಮ್ಮ ಮನೆಯಲ್ಲಿ ಯಾರೂ ಯಾವ ಪ್ರಶ್ನೆಗೂ ನೇರವಾಗಿ ಉತ್ತರ ಕೊಟ್ಟವರಲ್ಲ.

ಹಿಡಿಸದ ಸಂಗತಿ ಎಂದರೆ, ಒಂದು ಕಂಪ್ಯೂಟರಿನಲ್ಲಿ ಹತ್ತಾರು ಪ್ರೋಗ್ರಾಮುಗಳು ಒಂದೇ ಕಾಂಪೊನೆಂಟನ್ನು ಹಂಚಿಕೊಳ್ಳುತ್ತಿದ್ದವು. ಇದರ ಅಪಾಯ ಕ್ವಾರ್ಟರ್ಸಿನಲ್ಲಿ ಬೆಳೆದವಳಿಗೆ ಬೇಗ ಅರ್ಥವಾಗಬೇಕಿತ್ತು. ನಮ್ಮ ಸಾಲಿನ ಮನೆಗಳೆಲ್ಲ ಹಾಲಿಗೆ ಹೆಪ್ಪು ಹಾಕಲು ನಮ್ಮ ಮನೆಯ ಮೊಸರನ್ನೇ ಒಯ್ಯುತ್ತಿದ್ದವು. ಸಂಜೆಯಾದರೆ ಬಟ್ಟಲು ಹಿಡಿದ ಮಕ್ಕಳ ಸಾಲು. ಒಂದು ಸಲ ನಾವು ಊರಿಗೆ ಹೋಗಿ ಬಂದಾಗ ಮನೆಯಲ್ಲಿ ಹೆಪ್ಪಿರಲಿಲ್ಲ, ಅಮ್ಮ ಯಾರದೋ ಮನೆಯಿಂದ ತಂದು ಹಾಕಿದಳು. ಆ ಮೊಸರು ಲೋಳೆ ಲೋಳೆಯಾಗಿ ನೂಲಿನಂತೆ ಎಳೆಯುತ್ತಿತ್ತು. ಎರಡೇ ದಿನದಲ್ಲಿ ಇಡೀ ಸಾಲಿನ ಮೊಸರು ನೂಲು. ಯಾರ ಮನೆಯಲ್ಲೂ ಯಾರೂ ಏನೂ ತಪ್ಪು ಮಾಡಿರಲಿಲ್ಲ. ಪಕ್ಕದ ಮನೆಯ ತಮಿಳು ಅಜ್ಜಿ ಚಮಚ ಎತ್ತಿ ಎತ್ತಿ ತೋರಿಸಿ, ಇದರಲ್ಲಿ ಬಟ್ಟೆ ಒಣಹಾಕಬಹುದು ಎಂದು ತಮಿಳು ಕನ್ನಡ ಬೆರೆಸಿ ಅಮ್ಮನನ್ನು ಗೋಳುಹೊಯ್ದುಕೊಂಡರು. ಅಮ್ಮ ಒಂದು ವಾರ ನೀರಿನ ನಲ್ಲಿಯ ಹತ್ತಿರ ತಲೆ ಎತ್ತಲಿಲ್ಲ.

ನನಗೂ ಅದೇ ಆಯಿತು. ಒಂದು ಶಾಲೆಯ ಕಂಪ್ಯೂಟರಿಗೆ ನಮ್ಮ ಅಂಕಪಟ್ಟಿಯ ಪ್ರೋಗ್ರಾಮು ಹಾಕಿ, ಸಿಟಿ ಬಸ್ಸಿನಲ್ಲಿ ಹೆಮ್ಮೆಯಿಂದ ಮನೆಗೆ ಬಂದೆ. ಮಾರನೆಯ ಬೆಳಿಗ್ಗೆ ಆ ಶಾಲೆಯ ಗುಮಾಸ್ತ ರುದ್ರಪ್ಪನವರ ಫೋನು.

"ಏನಮ್ಮ, ನೀವು ಅಂಕಪಟ್ಟಿ ಹಾಕಕ್ಕೆ ಬಂದಿದ್ರೋ, ನಮ್ಮ ಕನ್ನಡ ತೆಗೆಯಕ್ಕೆ ಬಂದಿದ್ರೋ?"

"ಏನಾಯ್ತು ಸರ್?"

"ಕನ್ನಡ ಟೈಪಿಂಗು ಏಳ್ತಾನೇ ಇಲ್ಲ. ಹೆಡ್‌ಮಾಸ್ಟ್ರು ಪತ್ರ ಕೇಳ್ತಿದಾರೆ. ಇಂಗ್ಲಿಷಲ್ಲಿ ಬರೀಲಾ? ನಂಗೆ ಬರೋದು ಯುವರ್ಸ್ ಫೇಯ್ತ್‌ಫುಲಿ ಒಂದೇ."

ನನ್ನ ಪ್ರೋಗ್ರಾಮು ತನಗೆ ಬೇಕಾದ ಹೊಸ ಕಾಂಪೊನೆಂಟನ್ನು ಹಳೆಯದರ ಮೇಲೆ ಬರೆದುಬಿಟ್ಟಿತ್ತು. ಕನ್ನಡದ ಪ್ರೋಗ್ರಾಮಿಗೆ ಹಳೆಯದೇ ಬೇಕು. ಹಳೆಯದನ್ನು ವಾಪಸು ಹಾಕಿದರೆ ನನ್ನದು ಏಳುವುದಿಲ್ಲ. ಕೊನೆಗೆ ರುದ್ರಪ್ಪನವರ ಜೊತೆ ಒಂದು ರಾಜಿಯಾಯಿತು. ಬೆಳಿಗ್ಗೆ ಹಳೆಯ ಕಾಂಪೊನೆಂಟು, ಕನ್ನಡ. ಮಧ್ಯಾಹ್ನ ಊಟದ ನಂತರ ಹೊಸದು, ಅಂಕಪಟ್ಟಿ. ಅವರು ಅದನ್ನು ಫಸ್ಟ್ ಶಿಫ್ಟು, ಸೆಕೆಂಡ್ ಶಿಫ್ಟು ಎಂದು ಕರೆದು ನಿವೃತ್ತಿಯಾಗುವ ತನಕ ನಡೆಸಿಕೊಂಡು ಹೋದರಂತೆ. ನಾನು ಮಾತ್ರ ಅಂದಿನಿಂದ ಯಾವ ಕಂಪ್ಯೂಟರಿಗೆ ಏನು ಹಾಕಬೇಕಾದರೂ ಕಣ್ಣು ಮುಚ್ಚಿ ಒಂದು ಕ್ಷಣ ಸುಮ್ಮನೆ ಕೂರುತ್ತೇನೆ. ವಿದ್ಯಾರ್ಥಿಗಳು ಮೇಡಂ ದೇವರನ್ನು ನೆನೆಯುತ್ತಾರೆ ಎಂದುಕೊಂಡಿದ್ದಾರೆ. ನಾನು ನೆನೆಯುವುದು ರುದ್ರಪ್ಪನವರನ್ನು.

ಮುಂದೆ ಈ ಗೋಳೂ ಮುಗಿಯಿತು. ಪ್ರತಿ ಪ್ರೋಗ್ರಾಮೂ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬರುವ ಹೊಸ ವ್ಯವಸ್ಥೆ ಬಂತು. ಈಗಂತೂ ಪ್ರೋಗ್ರಾಮು ಇರುವುದು ನಮ್ಮ ಮೇಜಿನ ಮೇಲಲ್ಲ, ಎಲ್ಲೋ ದೂರದಲ್ಲಿ. ನಾವು ಕಿಟಕಿಯಲ್ಲಿ ನೋಡುತ್ತೇವೆ ಅಷ್ಟೆ. ಹಳೆಯದನ್ನು ಪಾಠದಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ಅವರು ಆಕಳಿಸದೆ ಕೇಳುವುದು ಒಂದನ್ನು ಮಾತ್ರ. ಕಂಪ್ಯೂಟರಿನೊಳಗೆ ಆ ಕಾಲದ ವಸ್ತುಗಳು ತಮ್ಮನ್ನು ಎಷ್ಟು ಜನ, ಅಂದರೆ ಎಷ್ಟು ಪ್ರೋಗ್ರಾಮುಗಳು, ಹಿಡಿದುಕೊಂಡಿದ್ದಾರೆ ಎಂದು ತಾವೇ ಎಣಿಸಿಕೊಳ್ಳುತ್ತಿದ್ದವು. ಯಾರಾದರೂ ಹಿಡಿದರೆ ಒಂದು ಹೆಚ್ಚು, ಬಿಟ್ಟರೆ ಒಂದು ಕಡಿಮೆ. ಕೊನೆಯವರು ಕೈ ಬಿಟ್ಟೊಡನೆ ವಸ್ತು ಯಾರಿಗೂ ಹೇಳದೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತಿತ್ತು. ಇದನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ವಿವರಿಸಿದ್ದೇನೆ. ಈಗ ಬರೆಯುವಾಗ ಸೀಮೆಸುಣ್ಣ ನಿಲ್ಲುತ್ತದೆ. ಅಮ್ಮನ ದನಿಯನ್ನು ಹಿಡಿದುಕೊಂಡವರು ಈಗ ಇಬ್ಬರೇ.

ಆ ಇಬ್ಬರ ಮೇಲೂ ಭರವಸೆ ಇಡುವಂತಿಲ್ಲ ಎಂದು ತಿಳಿದದ್ದು ಅಣ್ಣನ ಮಗಳು ಮೇಘನಾಳಿಂದ. ಕಳೆದ ದೀಪಾವಳಿಗೆ ಎಲ್ಲರೂ ಕೂತು ಹರಟುವಾಗ ಅವಳು ಕೇಳಿದಳು:

"ಅತ್ತೆ, ನೀವಿಬ್ರೂ ಯಾವಾಗ್ಲೂ ಅಜ್ಜಿ ಹಾಗಂತಿದ್ಲು ಹೀಗಂತಿದ್ಲು ಅಂತೀರಲ್ಲ, ಅಜ್ಜಿ ದನಿ ಹೇಗಿತ್ತು?"

ನಾನು ಉತ್ಸಾಹದಿಂದ ಅಮ್ಮ ನನ್ನನ್ನು ಊಟಕ್ಕೆ ಕರೆಯುತ್ತಿದ್ದ ರೀತಿ ಮಾಡಿ ತೋರಿಸಿದೆ. ಮೊದಲು ತಗ್ಗಿನಲ್ಲಿ, ಕೊನೆಗೆ ಎಳೆದು, ಸ್ವಲ್ಪ ಮೂಗಿನಲ್ಲಿ. ಮೇಘನಾ ನಕ್ಕಳು. ಅಣ್ಣ ನಗಲಿಲ್ಲ.

"ಅದು ಅಮ್ಮನ ದನಿ ಅಲ್ಲ ಕಣೆ," ಎಂದ.

"ಮತ್ತೆ?"

"ಅದು ನಿಂದೇ. ನೀನು ಮಕ್ಕಳನ್ನ ಕರೆಯೋದು ಹಂಗೆ."

"ಹಂಗಾದ್ರೆ ನೀನು ಮಾಡಿ ತೋರ್ಸು."

ಅಣ್ಣ ಬಾಯಿ ತೆರೆದ. ಏನೂ ಬರಲಿಲ್ಲ. ನೀರು ಕುಡಿದು ಇನ್ನೊಮ್ಮೆ ತೆರೆದ. ಅತ್ತಿಗೆ "ಹೋಗ್ಲಿ ಬಿಡಿ, ಹೋಳಿಗೆ ತಣ್ಣಗಾಗ್ತಿದೆ," ಎಂದು ಮಾತು ಮುಗಿಸಿದರು. ಅಂದಿನಿಂದ ಅಮ್ಮನ ಮಾತು ನೆನಪಿಸಿಕೊಂಡಾಗಲೆಲ್ಲ ನನಗೆ ಅನುಮಾನ. ಪದಗಳು ಅವಳವು, ದನಿ ನನ್ನದು. ಹಳೆಯದರ ಮೇಲೆ ಹೊಸದನ್ನು ನಾನೇ ಬರೆದುಬಿಟ್ಟಿದ್ದೇನೆ, ಯಾವಾಗ ಎಂದು ತಿಳಿಯದೆ.

ಇದಾದ ಮೇಲೆ ಸಿಡಿ ಸಿಕ್ಕಿದ್ದು. ಈಗ ನಿಮಗೆ ನನ್ನ ಕಷ್ಟ ತಿಳಿದಿರಬೇಕು. ಅಣ್ಣ ದನಿಯನ್ನು ಎಂಬೆಡ್ ಮಾಡಿದ್ದರೆ ಅಮ್ಮ ಈ ಕಡತದೊಳಗೇ ಇದ್ದಾಳೆ, ಹಳೆಯ ಪ್ರೋಗ್ರಾಮು ಇಲ್ಲದಿದ್ದರೂ ಹೇಗಾದರೂ ಹೊರತೆಗೆಯಬಹುದು. ಲಿಂಕ್ ಮಾಡಿದ್ದರೆ ಇಲ್ಲಿರುವುದು ಚೀಟಿ ಮಾತ್ರ. ದನಿ ಇದ್ದದ್ದು ಕ್ಲಾಸಿನ ಯಾವುದೋ ಕಂಪ್ಯೂಟರಿನ ಡಿಸ್ಕಿನಲ್ಲಿ, ಆ ಕಂಪ್ಯೂಟರು ಇದ್ದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಆ ಕೋಣೆ ಈ ಬೇಸಿಗೆಯ ತನಕ ತುಂಬಿತ್ತು. ಅಣ್ಣ ಆಗ ಎಲ್ಲವನ್ನೂ ಫ್ಲಾಪಿಯಲ್ಲಿ ಒಯ್ಯುತ್ತಿದ್ದ, ಸಿಡಿಗೆ ಹಾಕಿದ್ದು ಎಷ್ಟೋ ಆಮೇಲೆ. ಫ್ಲಾಪಿಯಲ್ಲಿ ಜಾಗ ಸಾಲದು, ದನಿಯ ಕಡತ ಭಾರ. ಈ ಯೋಚನೆ ಬಂದಾಗಲೆಲ್ಲ ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತೇನೆ.

ಕಡತದ ಗಾತ್ರ ನೋಡಿದರೆ ತಿಳಿಯುವುದಿಲ್ಲವೇ ಎಂದು ಬಲ್ಲವರು ಕೇಳಬಹುದು. ನೋಡಿದ್ದೇನೆ. ದೊಡ್ಡದಾಗಿಯೇ ಇದೆ. ಆದರೆ ಅಣ್ಣನ ಸೇತುವೆ ಆ ಕಾಲದ ಚಿತ್ರ, ಆಗ ಚಿತ್ರಗಳನ್ನು ಕುಗ್ಗಿಸಿ ಇಡುತ್ತಿರಲಿಲ್ಲ, ಭಾರವೆಲ್ಲ ಅದರದ್ದೇ ಇರಬಹುದು. ಸ್ಪೀಕರಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಲಿಂಕೋ ಅಲ್ಲವೋ ಹೇಳುತ್ತದಲ್ಲ ಎಂದರೆ, ಹೌದು, ಹೇಳುತ್ತದೆ. ಅದನ್ನು ವರ್ಷಗಟ್ಟಲೆ ಪಾಠ ಮಾಡಿದವಳು ನಾನು. ಒಂದು ಸಂಜೆ ಬೆರಳು ಗುಂಡಿಯ ಮೇಲೆ ಇಟ್ಟು ಕೂತೆ, ಕುಕ್ಕರ್ ಕೂಗಿತು, ಎದ್ದೆ. ಇನ್ನೊಂದು ದಿನ ಯಾವುದೂ ಕೂಗಲಿಲ್ಲ, ಆದರೂ ಎದ್ದೆ. ಲಿಂಕ್ ಎಂದು ತೋರಿಸಿದರೆ ಅಮ್ಮನನ್ನು ಗುಜರಿಗೆ ಹಾಕಿದವನು ಅಣ್ಣ ಎಂದಾಗುತ್ತದೆ, ಅದನ್ನು ತಿಳಿದ ಮೇಲೆ ಅವನ ಮುಖ ಹೇಗೆ ನೋಡುವುದು ಎಂಬ ಭಯ. ಎಂಬೆಡ್ ಎಂದು ತೋರಿಸಿದರೆ ಇನ್ನೂ ದೊಡ್ಡದು. ದನಿ ಬರುತ್ತದೆ, ಅದು ಯಾರದೆಂದು ನನಗೆ ಗುರುತು ಸಿಗದಿದ್ದರೆ?

ಕಂಪ್ಯೂಟರಿನ ಬಾಯಿಂದ ಕೇಳುವುದಕ್ಕಿಂತ ಮನುಷ್ಯರ ಬಾಯಿಂದ ಕೇಳುವುದು ಮೇಲು ಎಂದುಕೊಂಡು ಹೋದ ಭಾನುವಾರ ಭದ್ರಾವತಿಯ ಬಸ್ಸು ಹತ್ತಿದೆ. ಅಣ್ಣ ಅಂಗಡಿಯಲ್ಲಿ ಒಬ್ಬನೇ ಇದ್ದ.

"ಏನೇ, ಫೋನ್ ಮಾಡ್ದೆ ಬಂದ್ಬಿಟ್ಟೆ?"

"ಆ ಸಿಡೀಲಿ ನಿನ್ನ ಡೆಮೊ ಫೈಲ್ ಸಿಕ್ತು. ಸೇತುವೆ ಚಿತ್ರ ಇರೋದು."

"ಸೇತುವೆ ಅಂತ ನೀನೊಬ್ಳೇ ಅನ್ನೋದು. ಹುಡುಗ್ರೆಲ್ಲ ಒಂಟೆ ಅಂತಿದ್ರು."

"ಅದ್ರ ಕೆಳಗೆ ಅಮ್ಮಂದೂ ಇದೆ."

ಜೆರಾಕ್ಸ್ ಯಂತ್ರದ ಮುಚ್ಚಳ ಎತ್ತಿದವನು ಎತ್ತಿಕೊಂಡೇ ನಿಂತ.

"ಕ್ಲಿಕ್ ಮಾಡಿದ್ಯಾ?"

"ಇಲ್ಲ."

"ಯಾಕೆ?"

"ಭಯ ಆಗುತ್ತೆ ಕಣೋ."

ಅವನು ತಮಾಷೆ ಮಾಡುತ್ತಾನೆ ಎಂದುಕೊಂಡಿದ್ದೆ. ಮಾಡಲಿಲ್ಲ. ಆಗ ನಾನು ಕೇಳಬೇಕಾದ್ದನ್ನು ಕೇಳಿದೆ. ಅಷ್ಟರಲ್ಲಿ ಒಬ್ಬ ಹೆಂಗಸು ಆಧಾರ್ ಕಾರ್ಡ್ ಹಿಡಿದು ಬಂದರು. ಅಣ್ಣ ಕಾರ್ಡಿನ ಎರಡೂ ಮಗ್ಗುಲು ಜೆರಾಕ್ಸ್ ಮಾಡಿಕೊಟ್ಟ. ಅವರು ಹೋದ ಮೇಲೂ ಬಟ್ಟೆಯ ಚೂರು ತೆಗೆದುಕೊಂಡು ಯಂತ್ರದ ಗಾಜನ್ನು ಒರೆಸುತ್ತಲೇ ಇದ್ದ, ಅಲ್ಲಿ ಕೊಳೆ ಏನೂ ಇರಲಿಲ್ಲ. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಖಾಲಿ ನೆಲದ ಮೇಲೆ ಕಂಪ್ಯೂಟರುಗಳು ಕೂತಿದ್ದ ಜಾಗಗಳು ಮಾತ್ರ ಬೆಳ್ಳಗೆ ಚೌಕ ಚೌಕವಾಗಿ ಕಾಣುತ್ತಿದ್ದವು. ಅವನು ಒಮ್ಮೆ ಆ ಕಡೆ ನೋಡಿದ ಎಂದು ನನಗೆ ಅನ್ನಿಸಿತು. ನೋಡಿರಲಿಕ್ಕಿಲ್ಲ, ನಾನೇ ತುಂಬಿಸಿಕೊಂಡಿರಬಹುದು.

ಸಂಜೆ ಬಸ್ ನಿಲ್ದಾಣದ ತನಕ ಬಂದು ಹತ್ತಿಸಿದ. ಆಮೇಲೆ ದಿನಾ ಬೆಳಿಗ್ಗೆ ಎಂದಿನಂತೆ ವಾಟ್ಸಾಪಿನಲ್ಲಿ ಹೂವಿನ ಚಿತ್ರ ಕಳಿಸುತ್ತಿದ್ದಾನೆ. ನಿನ್ನೆ ತಾರಸಿಯ ಸಂಡಿಗೆಯ ಫೋಟೋ ಕಳಿಸಿದ್ದ, ದಾರದಲ್ಲಿ ಸಿಡಿಗಳು ಹೊಳೆಯುತ್ತಿದ್ದವು. ನಾನು ಕೇಳಿದ್ದಕ್ಕೆ ಮಾತ್ರ ಈ ತನಕ ಉತ್ತರ ಬಂದಿಲ್ಲ. ಕೇಳಿದ್ದು ಇಷ್ಟೇ:

"ಅಣ್ಣ, ಅಮ್ಮನ್ನ ಡಬ್ಬದೊಳಗೆ ಇಟ್ಟಿದ್ಯಾ, ಚೀಟಿ ಅಂಟಿಸಿದ್ಯಾ?"